ನಂಬರ್ ಮೂವತ್ತೇಳು ಗೈರು

ಮಗಳು ಶಾಲೆ ಮುಗಿಸಿ ಹೊರಬೀಳುವ ದಿನವೂ ಆಯಾಗೆ ರಜೆ ಸಿಗಲಿಲ್ಲ. ಕೇಳಿದ್ದಳು. ದೊಡ್ಡ ಮೇಡಂ ನಕ್ಕಿದ್ದರು. "ನಿನಗೆ ರಜೆ ಕೊಟ್ರೆ ಕಕ್ಕಸು ನಾನು ತೊಳೀಲಾ?" ಎಂದಿದ್ದರು. ಕೋಣೆಯಲ್ಲಿದ್ದ ಇಬ್ಬರು ಟೀಚರುಗಳೂ ನಕ್ಕರು. ದೊಡ್ಡ ಮೇಡಂ ಶಾಲೆಯ ಮುಖ್ಯಸ್ಥೆ. ಅವರು ನಕ್ಕಾಗ ನಗುವುದೂ ಅಲ್ಲಿ ನೌಕರಿಯ ಒಂದು ಭಾಗ.

ಹಾಗಾಗಿ ಅವತ್ತು ಬೆಳಿಗ್ಗೆ ಆರಕ್ಕೇ ಬಂದು, ನೀಲಿ ಕೋಟು ತೊಟ್ಟು, ಸಭಾಂಗಣದ ನೆಲ ಒರೆಸಲು ಕೂತಳು. ಕೋಲು ಕಟ್ಟಿದ ಬಟ್ಟೆಯಿಂದ ಒರೆಸಿದರೆ ಗೆರೆ ಉಳಿಯುತ್ತದಂತೆ. ಮಂಡಿಯೂರಿಯೇ ಒರೆಸಬೇಕು. ಹನ್ನೆರಡು ವರ್ಷ ಮಂಡಿಯೂರಿ ಅವಳ ಮಂಡಿಚಿಪ್ಪಿನ ಮೇಲಿನ ಚರ್ಮ ಹಿಮ್ಮಡಿಯ ಹಾಗೆ ಗಡುಸಾಗಿತ್ತು. ಆ ನೆಲದ ಓರೆಕೋರೆಯೆಲ್ಲ ಗಾರೆಯವನಿಗಿಂತ ಅವಳಿಗೇ ಚೆನ್ನಾಗಿ ಗೊತ್ತು. ಸಭಾಂಗಣದ ಹಿಂಬದಿಯಲ್ಲಿ ಅತಿಥಿಗಳ ಕಕ್ಕಸು. ಅಲ್ಲಿಂದ ವೇದಿಕೆಯ ಕಡೆಗೆ ನಾಲ್ಕು ಬೆರಳಿನಷ್ಟು ಇಳಿಜಾರು. ಅಲ್ಲಿ ಒಂದು ಚೊಂಬು ನೀರು ಚೆಲ್ಲಿದರೆ ನೇರ ಬಂದು ಮೊದಲ ಸಾಲಿನ ಕುರ್ಚಿಗಳ ಕೆಳಗೆ ನಿಲ್ಲುತ್ತದೆ. ಒಂದು ಸಲ ಈ ಸಂಗತಿ ಹೇಳಲು ಹೋಗಿ, "ನೀನೇನು ಇಂಜಿನಿಯರಾ?" ಎಂದು ಅನ್ನಿಸಿಕೊಂಡಿದ್ದಳು. ಆಮೇಲೆ ಬಾಯಿಗೆ ಬೀಗ ಹಾಕಿಕೊಂಡಳು.

ಅವಳು ಓದಿದ್ದೂ ಇದೇ ಶಾಲೆಯಲ್ಲಿ. ಓದಿದ್ದು ಎಂದರೆ, ಅವಳ ಹೆಸರು ಇದ್ದದ್ದು. ದೊಡ್ಡ ಚರಂಡಿಯ ಆಚೆಗಿನ ಮನೆಗಳಿಂದ ಆ ವರ್ಷ ಮೂವರು ಹುಡುಗಿಯರು ಸೇರಿದ್ದರು. ಊರಿನ ಕೊಳೆ ಎತ್ತುವವರ ಮಕ್ಕಳು. ಬೆಳಗಿನ ಗಂಟೆ ಹೊಡೆಯುವ ಮೊದಲು ಮೂವರೂ ಬಾವಿಯಿಂದ ನೀರು ಹೊತ್ತು ಶಾಲೆಯ ಆರು ಕಕ್ಕಸು ತೊಳೆಯಬೇಕಿತ್ತು. ಉಳಿದ ಮಕ್ಕಳಿಗೆ ಚಿತ್ರ ಬರೆಯುವ, ಗಿಡಕ್ಕೆ ನೀರು ಹಾಕುವ ಸರದಿ ಬರುತ್ತಿತ್ತು. ಇವರಿಗೆ ಸರದಿಯೆಂಬುದು ಇರಲಿಲ್ಲ, ದಿನವೂ ಅದೇ. ವರ್ಷ ತುಂಬುವುದರೊಳಗೆ ಇಬ್ಬರು ಶಾಲೆಗೆ ಕೈಮುಗಿದರು. ಆರು ಕಕ್ಕಸೂ ಅವಳೊಬ್ಬಳ ಪಾಲಿಗೆ ಬಿದ್ದವು. ಅವಳು ಹಲ್ಲು ಕಚ್ಚಿಕೊಂಡು ಬಂದಳು, ಏಳನೇ ತರಗತಿಯವರೆಗೆ.

ಒಬ್ಬಳೇ ತೊಳೆದು ಮುಗಿಸುವಷ್ಟರಲ್ಲಿ ಹಾಜರಿ ಶುರುವಾಗುತ್ತಿತ್ತು. ಏಳನೆಯಲ್ಲಿ ಕೂಗುತ್ತಿದ್ದವರು ಹಾಜರಿ ಮೇಷ್ಟ್ರು. ಮಕ್ಕಳಿಟ್ಟ ಹೆಸರು. ಅವರು ಅದನ್ನು ಪದಕದಂತೆ ಧರಿಸಿಕೊಂಡಿದ್ದರು. ಮೂವತ್ತು ವರ್ಷದ ನೌಕರಿಯಲ್ಲಿ ಹಾಜರಿ ಪುಸ್ತಕದಲ್ಲಿ ಒಂದೂ ಚಿತ್ತು ಇಲ್ಲವಂತೆ. ಅವಳ ನಂಬರ್ ಮೂವತ್ತೇಳು. "ಮೂವತ್ತೇಳು!" ಎಂಬ ಕೂಗು ಕೇಳಿದ ಕೂಡಲೇ ಅವಳು ಕಕ್ಕಸಿನ ಒಳಗಿಂದಲೇ ಗಂಟಲು ಹರಿಯುವಂತೆ ಕೂಗುತ್ತಿದ್ದಳು.

"ಬಂದಿದ್ದೀನಿ ಸರ್!"

ತರಗತಿ ಗೊಳ್ಳೆಂದು ನಗುತ್ತಿತ್ತು.

"ಕಕ್ಕಸಿಂದ ಬರೋ ದನಿಗೆಲ್ಲ ಹಾಜರಿ ಹಾಕೋಕಾಗುತ್ತಾ?" ಎಂದು ಮೇಷ್ಟ್ರು ತರಗತಿಯನ್ನೇ ಕೇಳುತ್ತಿದ್ದರು. "ಬಾಯಿ ಬಂದ್ರೆ ಸಾಲದು. ಮೈ ಬರಬೇಕು."

ಪೊರಕೆ ಬಿಸಾಕಿ, ಒದ್ದೆ ಲಂಗದಲ್ಲಿ ಬಾಗಿಲಿಗೆ ಓಡಿ ಬಂದರೆ ಮೂಗು ಮುಚ್ಚಿಕೊಳ್ಳುತ್ತಿದ್ದರು. "ಥೂ, ನಾತ. ಮೈ ಒಣಗೋವರೆಗೂ ಆಚೆ ನಿಲ್ಲು." ಅಷ್ಟರಲ್ಲಿ ಮೂವತ್ತೆಂಟು, ಮೂವತ್ತೊಂಬತ್ತು, ನಲವತ್ತು.

ವರ್ಷದ ಕೊನೆಗೆ ಪರೀಕ್ಷೆಗೆ ಕೂರಿಸಲಿಲ್ಲ. ಹಾಜರಿ ಸಾಲದು ಎಂದರು. ಅಪ್ಪ ಕೆಲಸ ಬಿಟ್ಟು ಓಡಿ ಬಂದ. ಮೇಷ್ಟ್ರು ಪುಸ್ತಕ ತೆರೆದು ತೋರಿಸಿದರು. ಕೆಂಪು ಶಾಯಿಯಲ್ಲಿ ಸಾಲುಸಾಲು 'ಗೈ'. ಗೈರು. ಅಪ್ಪನಿಗೆ ಓದಲು ಬಾರದು, ಆದರೆ ಕೆಂಪು ಬಣ್ಣ ಕಾಣುತ್ತದಲ್ಲ.

"ದಿನಾ ಶಾಲೆಗೇ ಬರ್ತಾಳೆ ಸ್ವಾಮಿ."

"ಮನೆಯಿಂದ ಹೊರಡ್ತಾಳೆ ಅನ್ನು. ಎಲ್ಲಿಗೆ ಹೋಗ್ತಾಳೋ ನನಗೇನು ಗೊತ್ತು? ಪುಸ್ತಕ ಸುಳ್ಳು ಹೇಳುತ್ತಾ?"

ಅಪ್ಪ ಮನೆಗೆ ಬಂದು ಪೊರಕೆಯ ಹಿಡಿಯಿಂದ ಹೊಡೆದ. ಎಲ್ಲಿಗೆ ಹೋಗ್ತಿದ್ದೆ ಹೇಳು ಎಂದು ಹೊಡೆದ. ಶಾಲೆಗೇ ಹೋಗ್ತಿದ್ದೆ ಎಂದಷ್ಟೂ ಏಟು ಜೋರಾದವು. ಕೊನೆಗೆ ಏಟು ತಾಳಲಾರದೆ, ಹೌದು, ತಪ್ಪಿಸಿಕೊಂಡು ಸುತ್ತುತ್ತಿದ್ದೆ ಎಂದಳು. ಆಗ ಬಿಟ್ಟ. ಸಾಯುವವರೆಗೂ ಅವನು ಮಗಳನ್ನು ಕಳ್ಳಿ ಎಂದೇ ನಂಬಿದ್ದ. ಅದಕ್ಕಿಂತ ಕೆಟ್ಟದ್ದೆಂದರೆ, ಬರಬರುತ್ತ ಅವಳೂ ನಂಬಿದಳು. ಇಷ್ಟು ದೊಡ್ಡ ಪುಸ್ತಕ, ಇಷ್ಟು ದೊಡ್ಡ ಮೇಷ್ಟ್ರು. ತನ್ನ ನೆನಪೇ ಎಲ್ಲೋ ತಪ್ಪಿರಬೇಕು ಅಂದುಕೊಂಡಳು. ಮುಂದೆ ಅವಳ ಗಂಡ ಮಲದ ಗುಂಡಿಗೆ ಇಳಿದವನು ಮೇಲೆ ಬರಲಿಲ್ಲ. ಮೂರು ವರ್ಷದ ಮಗಳು ಕಂಕುಳಲ್ಲಿದ್ದಳು. ಇದೇ ಶಾಲೆಗೆ ಬಂದು ಇದೇ ಕೆಲಸ ಕೇಳಿದಳು. ಅನುಭವ ಇದೆಯಾ ಎಂದು ಕೇಳಿದರು. ಇದೆ ಎಂದಳು.

ಮಗಳಿಗೆ ಬುದ್ಧಿ ಬಂದಾಗಿನಿಂದ ಒಂದೇ ಮಾತು ಹೇಳಿ ಬೆಳೆಸಿದಳು. "ನಾನು ಶಾಲೆ ತಪ್ಪಿಸಿ ಹಾಳಾದೆ ಕಣೇ. ನೀನು ಒಂದು ದಿನವೂ ತಪ್ಪಿಸಬೇಡ." ಮಗಳು ಜ್ವರ ಬಂದಾಗಲೂ ತಪ್ಪಿಸಲಿಲ್ಲ. ಈ ವರ್ಷ ಇಡೀ ಶಾಲೆಗೇ ಮೊದಲು ಬಂದಳು. ದೊಡ್ಡ ಆಸ್ಪತ್ರೆಯ ನರ್ಸಿಂಗ್ ಶಾಲೆಯಲ್ಲಿ ಸೀಟೂ ಸಿಕ್ಕಿತು. ಟಿ.ಸಿ. ತಂದು ಕೊಡಬೇಕು, ನಡತೆಯ ಜಾಗದಲ್ಲಿ 'ಉತ್ತಮ' ಎಂದಿರಬೇಕು, ಅಷ್ಟೇ. ಬೇರೆ ಏನು ಬರೆದಿದ್ದರೂ ಸೀಟು ಹೋಯಿತು.

ಆ 'ಉತ್ತಮ' ಬರೆಯುವುದಕ್ಕೆ ಈ ಶಾಲೆಯಲ್ಲಿ ಒಂದು ಪದ್ಧತಿ. ಹೊರಹೋಗುವ ಮಕ್ಕಳಿಗೆ ಕೊನೆಯ ಹಾಜರಿ ಎಂದು ಮಾಡುತ್ತಾರೆ. ನಿವೃತ್ತರಾದ ಹಾಜರಿ ಮೇಷ್ಟ್ರೇ ಬಂದು ವೇದಿಕೆಯ ಮೇಲೆ ನಂಬರ್ ಕೂಗುತ್ತಾರೆ. ಮಗು "ಬಂದಿದ್ದೀನಿ ಸರ್" ಎನ್ನಬೇಕು, ಹೆತ್ತವರ ಜೊತೆ ಮೆಟ್ಟಿಲು ಹತ್ತಬೇಕು. ಮೇಷ್ಟ್ರು ಅಲ್ಲೇ, ಎಲ್ಲರೆದುರು, ಟಿ.ಸಿ.ಯ ಖಾಲಿ ಜಾಗದಲ್ಲಿ 'ಉತ್ತಮ' ಎಂದು ಬರೆದು ಹೆತ್ತವರ ಕೈಗೆ ಕೊಡುತ್ತಾರೆ. ಮೂರು ಸಲ ಕೂಗಿದರೂ ದನಿ ಬಾರದಿದ್ದರೆ ಕೆಂಪು ಶಾಯಿ.

ಮೂರು ವಾರದ ಹಿಂದೆ ದೊಡ್ಡ ಮೇಡಂ ಆಯಾಳನ್ನು ಕರೆಸಿ ಎರಡು ಅಪ್ಪಣೆ ಕೊಟ್ಟಿದ್ದರು.

"ನಿನ್ನ ಮಗಳ ಜೊತೆ ಪೋಷಕರ ಜಾಗದಲ್ಲಿ ಮೇಷ್ಟ್ರೇ ನಿಲ್ತಾರೆ. ಪತ್ರಿಕೆಯವರು ಫೋಟೋ ತೆಗೀತಾರೆ ನೋಡು. ನೀನು ಹಿಂದೆ ಗೋಡೆ ಹತ್ರ ನಿಂತ್ಕೋ. ಬೇಜಾರಿಲ್ಲ ತಾನೆ?"

"ಇಲ್ಲ ಮೇಡಂ," ಎಂದಳು ಆಯಾ. ಹೊಟ್ಟೆಗೆ ಬೆಂಕಿ ಬಿದ್ದಿತ್ತು, ನಾಲಿಗೆ ಇಲ್ಲ ಎಂದಿತು. 'ಉತ್ತಮ' ಬೇಕಿತ್ತಲ್ಲ.

"ಜಾಣೆ. ಇನ್ನೊಂದು, ಉಗ್ರಾಣದಲ್ಲಿ ಹಳೇ ಪುಸ್ತಕ ಬಿದ್ದಿವೆ. ಸುಟ್ಟುಹಾಕು."

ಸುಡಲು ಎತ್ತಿಕೊಂಡ ರಾಶಿಯಲ್ಲಿ ಅವಳಿಗೆ ತನ್ನ ಏಳನೇ ತರಗತಿ ಸಿಕ್ಕಿತು. ಹಾಜರಿ ಪುಸ್ತಕ. ಮೂವತ್ತೇಳನೇ ಸಾಲು ಗಾಯದ ಹಾಗೆ ಕೆಂಪಗಿತ್ತು. ಅದರ ಕೆಳಗೇ ಇನ್ನೊಂದು ತೆಳು ಪುಸ್ತಕ, ಮೇಲೆ 'ಶೌಚಾಲಯ ಶುಚಿ' ಎಂದಿತ್ತು. ದಿನಾಂಕ, ಯಾರು ತೊಳೆದರು, ಸರಿಯಾಗಿ ತೊಳೆದರೋ ಇಲ್ಲವೋ. ದಿನದಿನವೂ ಮೂವತ್ತೇಳು, ಮೂವತ್ತೇಳು, ಮೂವತ್ತೇಳು. ಎರಡನ್ನೂ ನೀಲಿ ಕೋಟಿನೊಳಗೆ ಬಚ್ಚಿಟ್ಟು ಮನೆಗೆ ತಂದಳು. ಮಗಳು ಪಕ್ಕಪಕ್ಕ ತೆರೆದಿಟ್ಟು ಬೆರಳು ಓಡಿಸಿದಳು.

"ಅಮ್ಮ, ಇಲ್ಲಿ ಗೈರು ಅಂತ ಹಾಕಿರೋ ದಿನವೇ ಅಲ್ಲಿ ತೊಳೆದಿದ್ದಾಳೆ ಅಂತ ಇದೆ. ನೂರ ಹನ್ನೆರಡು ದಿನ. ಒಂದೂ ತಪ್ಪಿಲ್ಲ."

"ಯಾರು ಬರೆದಿರೋದು ನೋಡು."

"ಎರಡೂ ಒಂದೇ ಕೈ."

ಆಯಾ ಗೋಡೆಗೆ ಒರಗಿ ಕೂತಳು. ಅವಳಿಗೆ ಮೊದಲು ನೆನಪಾದದ್ದು ಅಪ್ಪ. ಅವನಿಗೆ ಹೇಳಬೇಕಿತ್ತು, ಮಣ್ಣಾಗಿ ಹದಿನೈದು ವರ್ಷ ಆಗಿತ್ತು. ಮಗಳ ಮುಖ ನೋಡಿ ಎಚ್ಚೆತ್ತಳು. "ನೋಡೇ, ನೀನು ಇದನ್ನ ಅಲ್ಲಿ ಬಾಯಿ ಬಿಡಬೇಡ. 'ಉತ್ತಮ' ಬರೆಸ್ಕೋ, ಬಾ. ಆಮೇಲೆ ಈ ಶಾಲೆ ಸುಟ್ಟುಹೋಗ್ಲಿ." ಮಗಳು ಪುಸ್ತಕಗಳನ್ನು ತನ್ನ ಚೀಲಕ್ಕೆ ಹಾಕಿಕೊಂಡಳು.

ಹತ್ತು ಗಂಟೆಗೆ ಸಭಾಂಗಣ ತುಂಬಿತು. ಸೆಂಟಿನ ವಾಸನೆ, ಹೊಸ ಬಟ್ಟೆಯ ಸರಸರ. ಆಯಾ ಹಿಂದಿನ ಗೋಡೆಗೆ ಅಂಟಿಕೊಂಡು ನಿಂತಳು. ಅವಳ ಅಕ್ಕಪಕ್ಕ ಎರಡು ಕುರ್ಚಿ ಖಾಲಿಯಿದ್ದವು, ಕೂರುವಂತಿರಲಿಲ್ಲ. ಮಗಳು ಮೂರನೇ ಸಾಲಿನಲ್ಲಿದ್ದಳು. ಎಣ್ಣೆ ಹಾಕಿ ಬಾಚಿದ ತಲೆ, ನೆಟ್ಟನೆಯ ಬೆನ್ನು. ಆ ಬೆನ್ನು ನೋಡಿ ಆಯಾಗೆ ಖುಷಿ ಉಕ್ಕಿತು. ಏನಾದರಾಗಲಿ, ನನ್ನ ಹೊಟ್ಟೆಯ ಕೂಸು ಇಲ್ಲಿಂದ ಮುಂಬಾಗಿಲಿನಿಂದ ಹೊರಗೆ ಹೋಗುತ್ತದೆ ಎಂದುಕೊಂಡಳು.

ಹಾಜರಿ ಮೇಷ್ಟ್ರು ಕೋಲೂರಿಕೊಂಡು ಬಂದರು. ಮುದುಕರಾಗಿದ್ದರು, ಗಂಟಲು ಮಾತ್ರ ಹಾಗೇ ಇತ್ತು. ಒಂದು, ಎರಡು, ಮೂರು ಎಂದು ಶುರುವಾಯಿತು. ಮಕ್ಕಳು ಹತ್ತಿದರು, ಇಳಿದರು. ಚಪ್ಪಾಳೆ.

ಇಪ್ಪತ್ತಾರನೇ ನಂಬರಿನ ಹೊತ್ತಿಗೆ ಜವಾನ ಬಗ್ಗಿಕೊಂಡು ಬಂದ. "ಅಕ್ಕಾ, ಅತಿಥಿಗಳ ಕಕ್ಕಸು ಕಟ್ಕೊಂಡಿದೆ. ದೊಡ್ಡ ಮೇಡಂ ಈಗಲೇ ಅಂದ್ರು."

"ನಲವತ್ತೊಂದು ಆಗ್ಲಿ ಕಣೋ. ನನ್ನ ಮಗಳದು."

"ನಾನೂ ಹೇಳ್ದೆ ಅಕ್ಕಾ. ಅವಳೇನು ವೇದಿಕೆ ಹತ್ತಬೇಕಾ ಅಂದ್ರು."

ಆಯಾ ಹೋದಳು. ಬೇಗ ಮುಗಿಸಿದರೆ ಬಂದುಬಿಡಬಹುದು ಎಂದು ಓಡಿಯೇ ಹೋದಳು. ಗುಂಡಿ ಅಂಚಿನವರೆಗೂ ತುಂಬಿತ್ತು. ರಬ್ಬರ್ ಕೋಲು ಒತ್ತಿದಳು, ಜಗ್ಗಲಿಲ್ಲ. ತಂತಿ ತುರುಕಿದಳು, ಏನೋ ಮೆತ್ತನೆಯದಕ್ಕೆ ಸಿಕ್ಕಿ ಮಡಿಚಿಕೊಂಡಿತು. ಕೋಟಿನ ತೋಳು ಮೇಲೇರಿಸಿ, ಮುಖ ಆಚೆ ತಿರುಗಿಸಿ, ಕೈ ಇಳಿಸಿದಳು. ಮೊಣಕೈವರೆಗೆ. ತೋಳಿನವರೆಗೆ. ಗೋಡೆಯ ಮೇಲಿನ ಸ್ಪೀಕರಿನಲ್ಲಿ ಮೇಷ್ಟ್ರು ಮೂವತ್ತು ಎಂದರು. ಬೆರಳಿಗೆ ಸಿಕ್ಕಿತು, ಎಳೆದಳು. ಯಾವುದೋ ದೊಡ್ಡ ಮನೆಯ ಮಗುವಿನ ಡೈಪರ್, ನೀರು ಕುಡಿದು ದಿಂಬಿನಷ್ಟು ಉಬ್ಬಿತ್ತು. ಅರ್ಧ ಕಿತ್ತು ಬಂತು, ಅರ್ಧ ಒಳಗೇ ಉಳಿಯಿತು. ಮೂವತ್ತಾರು. ಮೂವತ್ತೇಳು ಎಂದಾಗ ಅವಳ ಗಂಟಲು ತಾನೇ ತೆರೆದುಕೊಂಡಿತು. ಯಾವುದೋ ಹುಡುಗ ಬಂದಿದ್ದೀನಿ ಸರ್ ಎಂದ. ಒತ್ತಡಕ್ಕಾದರೂ ಹೋಗಲಿ ಎಂದು ಎಡಗೈಯಿಂದ ನಲ್ಲಿಯನ್ನು ಪೂರ್ತಿ ತಿರುಗಿಸಿ, ಪೈಪನ್ನು ಗುಂಡಿಗೆ ಬಿಟ್ಟು, ಮತ್ತೆ ಕೈ ಇಳಿಸಿದಳು.

"ನಲವತ್ತೊಂದು!"

ದನಿ ಇಲ್ಲ.

"ನಲವತ್ತೊಂದು! ಏನಮ್ಮಾ, ಶಾಲೆಗೇ ಮೊದಲು ಬಂದೋಳು, ನಾಲಿಗೆ ಬಿದ್ದುಹೋಯ್ತಾ?" ನಗು.

ಮೈಕಿನಿಂದ ದೂರದಲ್ಲಿ ಮಗಳ ದನಿ ಸಣ್ಣಗೆ ಕೇಳಿತು. "ನಮ್ಮಮ್ಮ ಇನ್ನೂ ಬಂದಿಲ್ಲ ಸರ್."

"ನಿಮ್ಮಮ್ಮನ ಜಾಗಕ್ಕೆ ನಾನಿದ್ದೀನಲ್ಲ! ಅವಳು ಬಂದು ಏನು ಮಾಡಬೇಕು, ನೆಲ ಒರೆಸಬೇಕಾ?"

ಇನ್ನೂ ದೊಡ್ಡ ನಗು. ಇಪ್ಪತ್ತೈದು ವರ್ಷದ ಹಿಂದಿನ ಅದೇ ನಗು. ಆಯಾ ಗುಂಡಿಯಿಂದ ಕೈ ತೆಗೆದಳು. ನಲ್ಲಿಯ ಕಡೆ ನೋಡಲಿಲ್ಲ. ಸಾಬೂನಿನ ಕಡೆಯೂ ನೋಡಲಿಲ್ಲ. ತೊಳೆಯುತ್ತ ನಿಂತರೆ ಮೂರನೇ ಸಲ ಕೂಗಿಬಿಡುತ್ತಾರೆ.

ನಡುವಿನ ಹಾದಿಯಲ್ಲಿ ಅವಳು ನಡೆದು ಬಂದಳು. ಬಲಗೈಯಿಂದ ತೊಟ್ಟಿಕ್ಕುತ್ತಿತ್ತು. ಮೊದಲು ವಾಸನೆ ತಲುಪಿತು, ಆಮೇಲೆ ಅವಳು. ಜನ ಬಟ್ಟೆ ಎಳೆದುಕೊಂಡರು, ಮಕ್ಕಳನ್ನು ಎಳೆದುಕೊಂಡರು. ಯಾರೋ ಓಕರಿಸಿದರು. ಅಷ್ಟು ಅಗಲದ ದಾರಿ ಅವಳಿಗೆ ಜನ್ಮದಲ್ಲಿ ಯಾರೂ ಬಿಟ್ಟುಕೊಟ್ಟಿರಲಿಲ್ಲ. ವೇದಿಕೆಯ ಕೆಳಗೆ ನಿಂತಿದ್ದ ಮಗಳ ಪಕ್ಕಕ್ಕೆ ಬಂದು ನಿಂತಳು.

"ಬಂದಿದ್ದೀನಿ ಸರ್," ಎಂದಳು.

"ನಾನೂ ಬಂದಿದ್ದೀನಿ ಸರ್," ಎಂದಳು ಮಗಳು.

ಇಬ್ಬರೂ ಹತ್ತಿದರು. ಮೇಷ್ಟ್ರು ಕುರ್ಚಿಯೊಳಗೇ ಹಿಂದೆ ಸರಿದರು. "ಏನಿದು ಅಸಹ್ಯ! ಕೈ ತೊಳ್ಕೊಂಡು ಬರೋಕೇನು ರೋಗ?"

"ತೊಳ್ಕೊಂಡು ಬರೋಷ್ಟರಲ್ಲಿ ಗೈರು ಹಾಕಿರ್ತೀರಿ ಸರ್. ಮೂವತ್ತೇಳಕ್ಕೆ ಹಾಗೇ ಹಾಕಿದ್ರಿ," ಎಂದಳು ಆಯಾ.

"ಯಾವ ಮೂವತ್ತೇಳು?"

ಮಗಳು ಚೀಲದಿಂದ ಎರಡೂ ಪುಸ್ತಕ ತೆಗೆದು ಮೇಜಿನ ಮೇಲೆ ತೆರೆದಿಟ್ಟಳು. ಮೇಷ್ಟ್ರು ಕನ್ನಡಕ ಸರಿಮಾಡಿಕೊಂಡು ಬಗ್ಗಿದರು. ಒಂದು ಪುಟ ನೋಡಿದರು, ಇನ್ನೊಂದು ನೋಡಿದರು. ಆಯಾ ಕಾದಳು. ಮುಖ ಕಪ್ಪಿಡುತ್ತದೆ, ಕೈ ನಡುಗುತ್ತದೆ, ಒಂದು ಮಾತಾದರೂ ಬಾಯಿಗೆ ಬರುತ್ತದೆ ಎಂದು ಕಾದಳು. ಮುದುಕ ತಲೆಯೆತ್ತಿದಾಗ ಮುಖ ಅರಳಿತ್ತು.

"ನನ್ನ ಕೈಬರಹವೇ. ಎಷ್ಟು ದುಂಡಗಿದೆ ನೋಡಿ," ಎಂದು ದೊಡ್ಡ ಮೇಡಂ ಕಡೆ ತಿರುಗಿದರು. ಆಮೇಲೆ ಆಯಾಳ ಕಡೆ. "ಇದರಲ್ಲಿ ತಪ್ಪೇನಿದೆ? ಕಕ್ಕಸಲ್ಲಿದ್ದೋಳು ಕ್ಲಾಸಲ್ಲಿ ಗೈರೇ ತಾನೆ?"

"ಕಕ್ಕಸಿಗೆ ಕಳಿಸಿದ್ದು ಯಾರು ಸರ್?"

"ನಾನೇ ಕಳಿಸಿದೆ. ಮತ್ತೆ ಯಾರನ್ನ ಕಳಿಸಲಿ, ವಕೀಲರ ಮಗಳನ್ನಾ?"

ಸಭಾಂಗಣದಲ್ಲಿ ಒಬ್ಬರೂ ಕಮಕ್ ಕಿಮಕ್ ಎನ್ನಲಿಲ್ಲ. ನಾಚಿಕೆಯಿಂದಲ್ಲ. ವಾಸನೆಗೆ ಎಲ್ಲರೂ ಉಸಿರು ಬಿಗಿಹಿಡಿದಿದ್ದರು.

"ಅಪ್ಪ ನನ್ನ ಬೆನ್ನು ಮುರಿದ ಸರ್. ಸಾಯೋವರೆಗೂ ಕಳ್ಳಿ ಅಂದ," ಎಂದಳು ಆಯಾ. ಅವಳ ದನಿ ಒಡೆಯಿತು. ಒಡೆದದ್ದಕ್ಕೆ ಅವಳಿಗೇ ಸಿಟ್ಟು ಬಂತು.

ಮೇಷ್ಟ್ರು ಮಗಳ ಟಿ.ಸಿ. ಎಳೆದುಕೊಂಡರು. ಕೆಂಪು ಪೆನ್ನಿನ ಮುಚ್ಚಳ ತೆಗೆದರು. ನಡತೆ ಎಂಬುದರ ಮುಂದೆ, ದುಂಡಗೆ, ಒಂದೂ ಚಿತ್ತಿಲ್ಲದೆ ಬರೆದರು: 'ಅವಿಧೇಯ, ಕೆಟ್ಟದ್ದು'. ಶಾಯಿ ಆರಲೆಂದು ಊದಿದರು.

ಮಗಳು ಅದನ್ನು ಓದಿದಳು. ಹತ್ತು ವರ್ಷ ತಪ್ಪಿಸದೆ ಬಂದದ್ದು ಆ ಎರಡು ಪದಕ್ಕೆ ಮುಗಿಯಿತು. ನಾನೇನು ಮಾಡಿಬಿಟ್ಟೆ, ಕೈ ತೊಳೆದುಕೊಂಡು ಸುಮ್ಮನೆ ಗೋಡೆ ಹತ್ತಿರ ನಿಂತಿದ್ದರೆ ಆಗುತ್ತಿರಲಿಲ್ಲವೇ ಎಂದುಕೊಂಡಳು ಆಯಾ.

ಆಗ ಮೊದಲ ಸಾಲಿನಲ್ಲಿ ಒಬ್ಬ ಹೆಂಗಸು ಕಿರುಚಿದಳು.

ನೀರು ಬಂದಿತ್ತು. ತೆರೆದ ನಲ್ಲಿ ತುಂಬಿಸಿದ ಗುಂಡಿ ಉಕ್ಕಿ, ಕಕ್ಕಸಿನ ಬಾಗಿಲು ದಾಟಿ, ಹಾದಿ ಹಿಡಿದು, ಆ ನಾಲ್ಕು ಬೆರಳಿನ ಇಳಿಜಾರಿನಲ್ಲಿ ಅವಸರವಿಲ್ಲದೆ ಇಳಿದು ಬಂದಿತ್ತು. ಒಳಗಿದ್ದುದನ್ನೆಲ್ಲ ತೇಲಿಸಿಕೊಂಡೇ ಬಂದಿತ್ತು. ಗಣ್ಯರು ಕುರ್ಚಿ ಮೇಲೆ ಕಾಲೆತ್ತಿಕೊಂಡರು. ಕೆಲವರು ಕುರ್ಚಿಯನ್ನೇ ಹತ್ತಿ ನಿಂತರು. ಪತ್ರಿಕೆಯವನು ಫೋಟೋ ತೆಗೆಯಲು ಹೋಗಿ ಜಾರಿ ಕೂತ. ಜವಾನ ನಲ್ಲಿ ನಿಲ್ಲಿಸಲು ಓಡಿದ, ಬಾಗಿಲವರೆಗೆ ಹೋಗಿ ಮೂಗು ಹಿಡಿದುಕೊಂಡು ವಾಪಸು ಬಂದ.

"ಏ ಆಯಾ! ನೋಡ್ತಾ ನಿಂತಿದ್ದೀಯಲ್ಲ, ಹೋಗಿ ಕೈ ಹಾಕು!" ದೊಡ್ಡ ಮೇಡಂ ಮೇಜಿಗೆ ಆತುಕೊಂಡಿದ್ದರು. ಆಯಾ ಕದಲಲಿಲ್ಲ. ಅವರ ದನಿ ಒಮ್ಮೆಲೇ ಬೆಣ್ಣೆಯಾಯಿತು. "ನೋಡು, ಈ ಟಿ.ಸಿ. ಹರಿದುಹಾಕ್ತೀನಿ. ಹೊಸದು ಕೊಡ್ತೀನಿ. ಮೇಷ್ಟ್ರು 'ಉತ್ತಮ' ಅಂತಲೇ ಬರೀತಾರೆ. ಮೊದಲು ಅದನ್ನ ಸರಿಮಾಡಿ ಬಾ. ಹತ್ತು ನಿಮಿಷದ ಕೆಲಸ."

ಹತ್ತು ನಿಮಿಷದ ಕೆಲಸವೇ. ಹನ್ನೆರಡು ವರ್ಷ ಹಾಕಿದ ಕೈ, ಇನ್ನೊಂದು ಸಲ ಹಾಕಿದರೆ ಸವೆದುಹೋಗುವುದಿಲ್ಲ. ಆಯಾಳ ಕಾಲು ಮೆಟ್ಟಿಲ ಕಡೆ ತಿರುಗಿತು. ಹೌದು, ತಿರುಗಿತು. ಮಗಳ ಸೀಟಿಗಾಗಿ ಅವಳು ಆ ಗುಂಡಿಯಲ್ಲಿ ಮುಳುಗಲೂ ಸಿದ್ಧಳಿದ್ದಳು. ಇದನ್ನು ಮುಚ್ಚಿಡುವುದರಲ್ಲಿ ಅರ್ಥವಿಲ್ಲ.

ಅವಳು ಒಂದು ಮೆಟ್ಟಿಲು ಇಳಿದಿದ್ದಳು. ದೊಡ್ಡ ಮೇಡಂಗೆ ಅಷ್ಟು ಹೊತ್ತೂ ತಡೆಯಲಾಗಲಿಲ್ಲ. ಮಗಳ ಕಡೆ ತಿರುಗಿ, ತುಂಬ ಪ್ರೀತಿಯಿಂದ ಎಂಬಂತೆ ಹೇಳಿದರು.

"ನೀನೂ ಹೋಗಮ್ಮ, ಇಬ್ಬರೂ ಸೇರಿದ್ರೆ ಬೇಗ ಆಗುತ್ತೆ. ನಿಮಗೆಲ್ಲ ರಕ್ತದಲ್ಲೇ ಅಭ್ಯಾಸ ಇರುತ್ತಲ್ಲ."

ಮಗಳು ಅಂಗಿಯ ತೋಳು ಮಡಿಸತೊಡಗಿದಳು. ಎಡತೋಳು, ಆಮೇಲೆ ಬಲತೋಳು. ಅಮ್ಮ ಒಬ್ಬಳೇ ಹೋಗಬಾರದು ಎಂದು.

ಆ ತೋಳು ನೋಡಿದ ಆಯಾಳ ಕಾಲು ನಿಂತಿತು. ಇಳಿದ ಮೆಟ್ಟಿಲನ್ನು ಮತ್ತೆ ಹತ್ತಿದಳು. ಮಗಳ ಹತ್ತಿರ ಬಂದು, ಕೊಳೆಯಾಗದ ಎಡಗೈಯಿಂದ ಆ ತೋಳುಗಳನ್ನು ಒಂದೊಂದಾಗಿ ಕೆಳಗಿಳಿಸಿದಳು. ತೋಳಿನ ಗುಂಡಿ ಹಾಕಿದಳು. ಬಲಗೈಯಿಂದ ಮೇಜಿನ ಮೇಲಿನ ಟಿ.ಸಿ. ಎತ್ತಿಕೊಂಡಳು. ಐದೂ ಬೆರಳು ಅದರ ಮೇಲೆ ಮೂಡಿದವು, ಕೆಂಪು ಶಾಯಿಯ ಮೇಲೂ ಮೂಡಿದವು. ಕಿತ್ತುಕೊಳ್ಳಲು ಯಾರೂ ಕೈ ಮುಂದೆ ಮಾಡಲಿಲ್ಲ. ಆಮೇಲೆ ನೀಲಿ ಕೋಟು ಬಿಚ್ಚಿ ಹಾಜರಿ ಮೇಷ್ಟ್ರ ಮಡಿಲಿಗೆ ಹಾಕಿದಳು. ಮುದುಕ ಕೂಗಿಕೊಂಡ.

"ಹೋಗಿ ಸರ್. ಬಾಯಿ ಬಂದ್ರೆ ಸಾಲದು," ಎಂದಳು. "ಮೈ ಬರಬೇಕು."

ಮಗಳ ಕೈ ಹಿಡಿದು ಇಳಿದಳು. ನೀರು ಪಾದ ಮುಳುಗುವಷ್ಟಿತ್ತು. ಕುರ್ಚಿಗಳ ಮೇಲೆ ನಿಂತವರ ನಡುವೆ ಇಬ್ಬರೂ ಮುಂಬಾಗಿಲಿನ ಕಡೆ ನಡೆದರು.

"ಏ! ಎಲ್ಲಿಗೆ ಹೋಗ್ತೀಯ? ಇದನ್ನ ಯಾರು ತೊಳೀಬೇಕು?" ಮೈಕಿನಲ್ಲಿ ದೊಡ್ಡ ಮೇಡಂ ಕಿರುಚಿದರು. "ಆಯಾ! ಆಯಾ!"

ಮೂರನೇ ಸಲ ಕೂಗುವುದರೊಳಗೆ ಅವಳು ಬಾಗಿಲಲ್ಲಿ ತಿರುಗಿ ನಿಂತಳು.

"ನಾವಿಬ್ಬರೂ ಗೈರು ಮೇಡಂ," ಎಂದಳು. "ಬರ್ಕೊಳ್ಳಿ."